ಅಧಿಕಾರವಿಲ್ಲದ ಸಹಿ

“ಸಾಹೇಬ್ರ ಕಡಿ ಹೋಗಬ್ಯಾಡ್ರಿ,” ಎಂದು ಗುಮಾಸ್ತ ಅಯ್ಯಣ್ಣ ತಹಶೀಲ್ದಾರರ ಬಾಗಿಲಿಗೆ ಅಡ್ಡ ನಿಂತ. “ಕಲಬುರಗಿ ಹೈಕೋರ್ಟಿಗಿ ಹೋಗ್ರಿ. ವಕೀಲರ ನಂಬರ್ ಕೊಡ್ತೀನಿ.”

“ಆ ವಕೀಲ ನಿಮ್ಮ ಸಡ್ಡಕ ಏನ್ರೀ?” ಎಂದಳು ನೇತ್ರಾವತಿ.

ಅವಳ ಕೈಯಲ್ಲಿ ತಾಯಿ ಬಾಲಮ್ಮನಿಗೆ ಬಂದ ಆದೇಶವಿತ್ತು. ಮನೆ, ಕುರಿದೊಡ್ಡಿ ಇರುವ ಜಾಗದ ಹಕ್ಕುಪತ್ರ ರದ್ದು. ಅಲ್ಲಿ ಸರ್ಕಾರಿ ಗೋದಾಮು ಬರುತ್ತದೆ. ಮಾರ್ಚ್ ಮುಗಿಯುವುದರೊಳಗೆ ಜಾಗ ಸಿಗದಿದ್ದರೆ ಗೋದಾಮು ಬೇರೆ ತಾಲೂಕಿನ ಪಾಲು. ಈಗ ಫೆಬ್ರವರಿ.

ನೇತ್ರಾವತಿ ಎರಡು ದಿನ ಕೂತು ಕಾಯ್ದೆ ಓದಿದ್ದಳು. ಹಕ್ಕುಪತ್ರ ರದ್ದು ಮಾಡುವ ಅಧಿಕಾರ ರಾಯಚೂರಿನ ಉಪವಿಭಾಗಾಧಿಕಾರಿಗೆ ಮಾತ್ರ. ಕಾಗದದ ಮೇಲಿದ್ದದ್ದು ತಹಶೀಲ್ದಾರರ ಸಹಿ. ಕರಡು ಬರೆದವನು ಇದೇ ಅಯ್ಯಣ್ಣ.

“ಇಷ್ಟು ದೊಡ್ಡ ತಪ್ಪು ಹ್ಯಾಂಗ ಮಾಡಿದ್ರಿ?”

ಅಯ್ಯಣ್ಣ ಒಳಕೋಣೆಯತ್ತ ನೋಡಿ ದನಿ ತಗ್ಗಿಸಿದ. “ಒದರಬ್ಯಾಡ ತಂಗಿ. ಕಾಗದ ಹ್ಯಾಂಗದ ಹಂಗ ಇರ್ಲಿ. ಇಲ್ಲಿ ಯಾರಿಗೂ ತೋರಿಸಬ್ಯಾಡ.”

ನೇತ್ರಾವತಿ ಪಕ್ಕದಲ್ಲಿದ್ದ ತಾಯಿಯತ್ತ ತಿರುಗಿದಳು. “ನೋಡಬೇ ಯವ್ವಾ, ನೌಕರಿ ಹೋಗ್ತದಂತ ನಡಗಾಕತ್ತಾನ.”

“ಪಾಪ, ಮಕ್ಕಳೊಂದಿಗ. ಹೋಗ್ಲಿ ಬಿಡು,” ಎಂದಳು ಬಾಲಮ್ಮ.

ಮಗಳು ಬಿಡಲಿಲ್ಲ. ಅವನನ್ನು ಸರಿಸಿ ಒಳಗೆ ಹೋದಳು.

ತಹಶೀಲ್ದಾರರು ಕುರ್ಚಿ ತೋರಿಸಿದರು. ಆದೇಶವನ್ನು ಎರಡು ಸಲ ಓದಿದರು. “ಭಾಳ ಶಾಣ್ಯಾಕಿ ಅದೀಯವ್ವಾ. ನನಗ ಅಧಿಕಾರ ಇಲ್ಲ, ಖರೆ. ನೀ ಬಂದು ಹೇಳಿದ್ದು ಚಲೋ ಆತು.” ಅಡ್ಡಗೆರೆ ಎಳೆದು ‘ಹಿಂಪಡೆಯಲಾಗಿದೆ’ ಎಂದು ಬರೆದರು.

ನೇತ್ರಾವತಿ ಆ ಕಾಗದವನ್ನು ಅಯ್ಯಣ್ಣನ ಮುಖಕ್ಕೆ ಹಿಡಿದಳು. “ಕೋರ್ಟೂ ಇಲ್ಲ, ವಕೀಲನೂ ಇಲ್ಲ. ಐದು ನಿಮಿಷ!”

ಅವನು ಓದಿದ. ಬೆಂಚಿನ ಮೇಲೆ ಕುಳಿತುಬಿಟ್ಟ.

ತಾಯಿ ಮಗಳು ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದು ಊರಿನ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ನಕ್ಕರು.

ಒಂಬತ್ತನೆಯ ದಿನ ಅಯ್ಯಣ್ಣ ಹೊಸ ಆದೇಶ ಹಿಡಿದು ಮನೆಗೇ ಬಂದ. ರಾಯಚೂರಿನ ಸಹಿ, ರಾಯಚೂರಿನ ಮೊಹರು. ಏಳು ದಿನದಲ್ಲಿ ಜಾಗ ಖಾಲಿ ಮಾಡಬೇಕು. ನೇತ್ರಾವತಿ ನಾಲ್ಕು ಸಲ ಓದಿದಳು. ಹಿಡಿಯಲು ಒಂದು ತಪ್ಪೂ ಸಿಗಲಿಲ್ಲ. ಅಯ್ಯಣ್ಣನಿಂದಲೇ ನಂಬರ್ ಪಡೆದು ಕಲಬುರಗಿಯ ವಕೀಲರಿಗೆ ಫೋನ್ ಮಾಡಿದಳು. ಇದು ಕೋರ್ಟಿನಲ್ಲಿ ನಿಲ್ಲುವ ಆದೇಶ, ಹಳೆಯದಾಗಿದ್ದರೆ ಅಂದೇ ತಡೆಯಾಜ್ಞೆ ಸಿಗುತ್ತಿತ್ತು ಎಂದರು.

ಬಾಲಮ್ಮ ದೊಡ್ಡಿಯ ಬೇಲಿ ಹಿಡಿದು ನಿಂತಿದ್ದಳು.

“ಈ ಸಲ ಒಂದೂ ತಪ್ಪಿಲ್ದಂಗ ಬರದೀರಲ್ರೀ,” ಎಂದಳು ನೇತ್ರಾವತಿ.

“ಇದರ ಕರಡು ಸಾಹೇಬ್ರೇ ಬರದಾರವ್ವಾ,” ಎಂದ ಅಯ್ಯಣ್ಣ. “ಮಾರ್ಚಿ ದಾಟೋತನಕ ಕೋರ್ಟಿನ್ಯಾಗ ಸಿಕ್ಕೊಂಡು ಬಿದ್ದಿರ್ಲಿ ಅಂತ ಹಳೇದನ್ನ ನಾನಽ ತಪ್ಪು ಬರದಿದ್ದೆ, ಬೇಕಂತ.”