ಅವ್ವನ ದನಿಗೆ ಅಪ್ಪನ ಸಾಲು

ಹಳೆಯ ಕ್ಯಾಸೆಟ್ಟಿನ ಡಬ್ಬಿ ತೆರೆದಾಗ ಬರುವ ಹುಳಿ ವಾಸನೆಗೆ ನನಗೆ ಈಗಲೂ ನಿಪ್ಪಾಣಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅವ್ವ ತೀರಿಕೊಂಡು ತಿಂಗಳಾಗಿರಲಿಲ್ಲ. ಜ್ವರ ಬಂದು ಮಲಗುವ ಮೊದಲು ಅಲ್ಲಿನ ಕ್ಯಾಸೆಟ್ ಸ್ಟುಡಿಯೋದಲ್ಲಿ, ಒಬ್ಬೊಬ್ಬರ ದನಿಯನ್ನು ಬೇರೆಬೇರೆಯಾಗಿ ಹಿಡಿದಿಡುವ ನಾಲ್ಕು ಟ್ರ್ಯಾಕಿನ ಟೇಪ್ ರೆಕಾರ್ಡರಿನಲ್ಲಿ ತನ್ನ ಪಾಲಿನ ಭಜನೆ ಹಾಡಿಟ್ಟಿದ್ದಳು. ಅದರ ಜೊತೆಗೆ ಅಪ್ಪ ಈಗ ತನ್ನ ಸಾಲು ಕೂಡಿಸಬೇಕಿತ್ತು.

"ಬ್ಯಾರೆ ಹೆಣ್ಮಗಳ ಕಡೆ ಹೊಸದಾಗಿ ಹಾಡ್ಸೂಣೇನ್ರಿ? ಇದನ್ನ ಅಳಿಸಿದ್ರ ಆತು," ಎಂದು ಮಾಲಕ ಮೆಲ್ಲಗೆ ಕೇಳಿದ.

"ಅಳಸಬ್ಯಾಡ್ರಿ," ಎಂದು ಅಪ್ಪ ಹೆಡ್‌ಫೋನ್ ಹಾಕಿಕೊಂಡ.

ಅವ್ವನ ದನಿ ಅವನ ಕಿವಿಗಷ್ಟೇ ಕೇಳುತ್ತಿತ್ತು. ಜೊತೆಗೆ ಬಂದಿದ್ದ ಅಜ್ಜಿಗೂ ನನಗೂ ಕೇಳಿಸಿದ್ದು ಟೇಪು ತಿರುಗುವ ಸದ್ದು ಮಾತ್ರ. ಅಪ್ಪ ಮೈಕಿಗೆ ಬಗ್ಗಿ, "ಹೂಂ, ಸುರು ಮಾಡು," ಎಂದ. ಹಾಡಿನಲ್ಲಿ ಮಾತು ಸೇರಿಕೊಂಡಿತೆಂದು ಮಾಲಕ ಟೇಪು ಹಿಂದಕ್ಕೆ ಸುತ್ತಿ ಮತ್ತೆ ಹಾಕಿದ. ಅಪ್ಪ ಮತ್ತೆ ಅದನ್ನೇ ಅಂದ.

"ಯಾರ ಜೋಡಿ ಮಾತಾಡಾಕತ್ತೀಯೋ?" ಎಂದಳು ಅಜ್ಜಿ.

"ಟೇಪಿನ್ಯಾಗ ಅಕಿ ಹಾಡ್ಲೇನ್ರಿ ಅಂತ ಕೇಳಾಕತ್ತಾಳಬೇ."

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಮಾಲಕ ಟೇಪು ನಿಲ್ಲಿಸಲಿಲ್ಲ. ಒಂದು ಸಾಲು ಹಾಡಿ ಅಪ್ಪ ಸುಮ್ಮನಾಗುತ್ತಿದ್ದ, ಅವಳ ಸಾಲು ಮುಗಿಯುವವರೆಗೆ ಕಣ್ಣು ಮುಚ್ಚಿ ಕಾಯುತ್ತಿದ್ದ. ಅಷ್ಟು ಹೊತ್ತು ಆ ಕೋಣೆಯಲ್ಲಿ ನಮಗೆ ಟೇಪಿನ ಸದ್ದು ಬಿಟ್ಟು ಏನೂ ಕೇಳುತ್ತಿರಲಿಲ್ಲ.