ಮನೆಯವರನ್ನು ಕೇಳಿ

ನಗರಸಭೆ ಅಧ್ಯಕ್ಷೆಯ ಕುರ್ಚಿಯಲ್ಲೇ ಆಕೆಯ ತಲೆ ನರೆತಿತ್ತು. ಕೆರೆಯಂಗಳದಲ್ಲಿ ಸೈಟು ಕೇಳುವವರು, ಶಾಲೆ ಪಕ್ಕ ಬಾರ್ ತೆರೆಯುವವರು, ಯಾರೇ ಮನೆಗೆ ಬಂದರೂ ಮುಖಕ್ಕೆ ಹೊಡೆದ ಹಾಗೆ ಇಲ್ಲವೆನ್ನುತ್ತಿರಲಿಲ್ಲ. "ನಮ್ಮ ಮನೆಯವರನ್ನ ಒಂದು ಮಾತು ಕೇಳಿ ಬರ್ತೀನಿ" ಎಂದು ಒಳಗೆ ಹೋಗಿ, ಒಂದು ಲೋಟ ನೀರು ಕುಡಿದು, ಹೊರಗೆ ಬಂದು "ಅವರು ಒಪ್ತಾ ಇಲ್ಲ" ಎನ್ನುವರು. ಗಂಡನ ಮಾತು ಮೀರದ ಹೆಂಗಸಿನ ಮೇಲೆ ಯಾರು ತಾನೇ ಸಿಟ್ಟಾಗುತ್ತಾರೆ? ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತ ಕೂತ ಗಂಡನಿಗೆ ಬಂದವರು ಯಾರೆಂದೂ ಗೊತ್ತಿರುತ್ತಿರಲಿಲ್ಲ.

ಚುನಾವಣೆ ಹತ್ತಿರ ಬಂತು. ಪಕ್ಷದ ಹಿರಿಯರು ಹೂವು ಹಣ್ಣು ಹಿಡಿದು ಬಂದು ಹಜಾರದಲ್ಲಿ ಕೂತರು.

"ಟಿಕೆಟ್ ವಿಷಯ ಮಾತಾಡೋಣ ಅಂತ ಬಂದ್ವಿ ಅಮ್ಮಾ."

ಊದಿದ ಕಾಲುಗಳನ್ನು ನೆಲಕ್ಕೂರಿ ಆಕೆ ಎದ್ದರು. "ಮನೆಯವರನ್ನ ಕೇಳಿ ಬರ್ತೀನಿ."

ಈ ಸಲ ನಿಜಕ್ಕೂ ಕೇಳಿದರು. "ಮತ್ತೆ ನಿಲ್ಲು ಅಂತ ಬಂದಿದಾರೆ ಕಣ್ರೀ. ನನಗಂತೂ ಸಾಕಾಗಿಹೋಗಿದೆ. ಏನು ಹೇಳಲಿ?"

"ನನ್ನನ್ನ ಯಾವತ್ತು ಕೇಳಿದ್ದೆ?" ಗಂಡ ಸೊಪ್ಪಿನಿಂದ ತಲೆ ಎತ್ತದೆ ನಕ್ಕರು. "ಯಾವಾಗಲೂ ಹೇಳೋದನ್ನೇ ಹೇಳು ಹೋಗು."

ಆಕೆ ಹೊರಗೆ ಬಂದರು. ಬೇಡವೆಂದರೂ ಹಿರಿಯರು ಒಂದಿಷ್ಟು ಒತ್ತಾಯ ಮಾಡಲಿ ಎಂಬ ಆಸೆ ಒಳಗೆಲ್ಲೋ ಇತ್ತು.

"ಅವರು ಒಪ್ತಾ ಇಲ್ಲ."

ಹಿರಿಯರು ಕೈ ಮುಗಿದರು. "ಹಾಗನ್ನಬೇಡಿ ಅಮ್ಮಾ, ಅವರು ಒಪ್ಪಲೇಬೇಕು. ಈಗ ನಿಮ್ಮ ವಾರ್ಡಿಗೆ ಮಹಿಳಾ ಮೀಸಲು ತಪ್ಪಿದೆ. ಇಷ್ಟು ವರ್ಷ ನಿಮ್ಮನ್ನ ಕೂರಿಸಿ ಊರು ನಡೆಸಿದವರು ಅವರೇ ಅಲ್ವಾ? ಈ ಸಲ ಟಿಕೆಟ್ ಅವರಿಗೇ."