ಕುಬಸದ ಪೇಡೆ

ಗಂಡು ಹುಟ್ಟಿಸುವ ವಂಶವಾಹಿ ಅಪ್ಪನಿಂದ ಮಗನಿಗೆ ದಾಟುತ್ತ ದಾಟುತ್ತ ಸವೆದುಹೋಗಿತ್ತು. ಮೊದಲು ಮಂಗಗಳಲ್ಲಿ, ಆಮೇಲೆ ಮನುಷ್ಯರಲ್ಲಿ. ಹಿತ್ತಲ ಹುಣಸೆಮರದಲ್ಲಿ ಈಗ ಮುದಿ ಹೆಣ್ಣುಮಂಗಗಳಷ್ಟೇ ಕೂರುತ್ತಿದ್ದವು, ಒಂದರ ಮಡಿಲಲ್ಲೂ ಮರಿ ಇರಲಿಲ್ಲ. ಓಣಿಯಲ್ಲಿ ಕೊನೆಗೆ ಹುಟ್ಟಿದ ಗಂಡೆಂದರೆ ನೀಲವ್ವನ ಗಂಡ ಈರಣ್ಣನೇ.

ಆದರೂ ಬಸುರಿ ನೀಲವ್ವನ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹೆಂಗಸರೆಲ್ಲ ಬಂದರು. ಹಸಿರು ಸೀರೆ, ಹಸಿರು ಬಳೆ ಎಲ್ಲ ಆಯಿತು. ಅತ್ತೆ ಗೌರವ್ವ ಮುಚ್ಚಿದ ಎರಡು ಬಟ್ಟಲು ತಂದು ಸೊಸೆಯ ಮುಂದಿಟ್ಟಳು. ತೆರೆದದ್ದರಲ್ಲಿ ಪೇಡೆ ಇದ್ದರೆ ಗಂಡು, ಬರ್ಫಿ ಇದ್ದರೆ ಹೆಣ್ಣು ಎಂಬುದು ಹಳೆಯ ಆಟ.

“ತೆಗಿ ಬೇ, ಯಾಕ ತಡಾ ಮಾಡ್ತಿ?” ಎಂದಳು ಪಕ್ಕದ ಮನೆಯ ತಂಗೆವ್ವ. “ಗಂಡು ಹಡದ್ರ ಸರಕಾರದವ್ರು ಹೊತಗೊಂಡು ಮೆರಸ್ತಾರ ನಿನ್ನ!”

ಎಲ್ಲರೂ ನಕ್ಕರು. ನೀಲವ್ವ ಮುಚ್ಚಳ ತೆಗೆದಳು. ಪೇಡೆ! ಹೆಂಗಸರು ಚಪ್ಪಾಳೆ ತಟ್ಟಿ ಸೋಬಾನೆ ಎತ್ತಿಕೊಂಡರು. ಅವಳು ಇನ್ನೊಂದು ಬಟ್ಟಲಿಗೆ ಕೈ ಚಾಚಿದಾಗ ಗೌರವ್ವ ತಟ್ಟನೆ ಆ ಕೈ ಹಿಡಿದುಕೊಂಡಳು.

“ಒಂದ ತೆಗೀಬೇಕವ್ವಾ.”

“ಅದ್ರಾಗೂ ಪೇಡೆನ ಐತಿ, ಅಲ್ರೀ ಅತ್ತಿ?”

ಗೌರವ್ವ ತಲೆ ತಗ್ಗಿಸಿದಳು. “ಒಂದ ಗಳಿಗಿನಾರ ನೀ ನಗಲಿ ಅಂತ ಇಟ್ಟೆ.”

“ಕೊಡ್ರಿ ಅದನ್ನೂ.” ನೀಲವ್ವ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. “ಅದು ಈಕಿ ಪಾಲಿಂದು. ಈಕಿ ದೊಡ್ಡಾಕಿ ಆಗೂದ್ರಾಗ ಗಂಡಸರ ಉಳಿದಿರಾಂಗಿಲ್ಲ, ಕುಬಸ ಅನ್ನೂದೂ ಇರಾಂಗಿಲ್ಲ. ಈಗ ನನ್ನ ಜೋಡಿನ ತಿಂದುಬಿಡ್ಲಿ.”